ವೀರಧಾರಾವಾಹಿಗಳ ಧ್ರುವಾಗಾನ: ಸ್ಮರಣೆಯೂ ಗುಣವಿಚಾರವೂ

೧. ವಿಷಯ

ಕಾವ್ಯನಾಟಕಾದಿಗಳ ಗುಣದೋಷಗಳನ್ನು ವಿಚಾರಿಸುವವರು ಸಹೃದಯನ ಅನುಭವವನ್ನೇ ಪರಮಪ್ರಮಾಣವಾಗಿ ಹಿಡಿಯುವರೆಂಬದು ವಿದ್ವಾಂಸರಿಗೆ ಹೊಸತಲ್ಲ. ಆದರೆ ಆ ಅನುಭವವು ಎದುರಿಗಿರುವ ಕೃತಿಯಿಂದ ಹುಟ್ಟಿದುದೋ, ಕಳೆದುಹೋದ ಕಾಲದ ನೆನಪಿನಿಂದ ಹುಟ್ಟಿದುದೋ ಎಂಬ ವಿವೇಕವನ್ನು ಮಾಡದೆ ಹೋದರೆ ಪ್ರಮಾಣವೇ ಪ್ರಮಾದಕ್ಕೆ ಕಾರಣವಾಗುವದು. ದೂರದರ್ಶನದ ಹಳೆಯ ವೀರಕಥಾಧಾರಾವಾಹಿಗಳ ಸಂಗೀತದ ವಿಷಯದಲ್ಲಿ ಜನರು ತೋರುವ ಹಂಬಲವು ಈ ವಿವೇಕಕ್ಕೆ ಒಳ್ಳೆಯ ಪರೀಕ್ಷಾಸ್ಥಾನವಾಗಿದೆ.

ರಾಮಾನಂದ ಸಾಗರರ ‘ರಾಮಾಯಣ’ವು ೧೯೮೭ರ ಜನವರಿಯಿಂದ ೧೯೮೮ರ ಜುಲೈವರೆಗೆ ಪ್ರಸಾರವಾಯಿತು, ಅದರ ಸಂಗೀತವು ರವೀಂದ್ರ ಜೈನರದು. ಬಿ. ಆರ್. ಚೋಪ್ರಾರ ‘ಮಹಾಭಾರತ’ವು ೧೯೮೮ರ ಅಕ್ಟೋಬರದಿಂದ ೧೯೯೦ರ ಜೂನ್ ವರೆಗೆ ೯೪ ಕಂತುಗಳಲ್ಲಿ ಬಂದಿತು, ಅದರ ಸಂಗೀತವು ರಾಜಕಮಲರದು, ಆರಂಭಗೀತದ ಕಂಠವು ಮಹೇಂದ್ರ ಕಪೂರರದು. ಸಂಜಯ ಖಾನರ ಟಿಪೂಸುಲ್ತಾನನ ಕುರಿತಾದ ಧಾರಾವಾಹಿಯು ೧೯೯೦ರಲ್ಲಿ ಆರಂಭವಾಯಿತು; ಅದಕ್ಕೆ ಸಂಗೀತವನ್ನಿತ್ತವರು ನೌಶಾದರು. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲುಮುಚ್ಚಿ ಕುಳಿತಾಗ ದೂರದರ್ಶನವು ರಾಮಾಯಣ ಮಹಾಭಾರತಗಳನ್ನು ಪುನಃ ಪ್ರಸಾರಮಾಡಿತು. ಆಗ ಎಲ್ಲೆಡೆಯೂ ಕೇಳಿಬಂದ ಮಾತು ಒಂದೇ: ‘ಅಂಥ ಸಂಗೀತವು ಈಗಿಲ್ಲ.’ ಈ ವಾಕ್ಯವು ಗುಣನಿರ್ಣಯವೋ, ನಿಟ್ಟುಸಿರೋ ಎಂಬದೇ ಪ್ರಕೃತ ಸಂಶಯ.

ಈ ಸಂಶಯವನ್ನು ಬಿಡಿಸುವದಕ್ಕೆ ಉತ್ತರಕನ್ನಡದ ಕರಾವಳಿಯು, ವಿಶೇಷತಃ ಭಟ್ಕಳ ತಾಲೂಕಿನ ಕಾಯ್ಕಿಣಿಯಿಂದ ಹೊನ್ನಾವರ ಕುಮಟೆಗಳವರೆಗಿನ ಪ್ರದೇಶವು, ಎರಡು ಕಾರಣಗಳಿಂದ ಅನುಕೂಲವಾದುದು. ವೀರರಸಕ್ಕೆಂದೇ ಬೆಳೆದ ಯಕ್ಷಗಾನದ ಹಿಮ್ಮೇಳವು ಅಲ್ಲಿಯ ಕಿವಿಗಳನ್ನು ಟೆಲಿವಿಷನ್ನಿಗಿಂತ ಬಹು ಮೊದಲೇ ಸಂಸ್ಕರಿಸಿತ್ತೆಂಬದು ಒಂದು ಕಾರಣ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ನಿರ್ದೇಶಕರಾದ ಶಂಕರನಾಗರು ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಹುಟ್ಟಿದವರೆಂಬದು ಇನ್ನೊಂದು. ಹೀಗೆ ಒಂದೇ ತೀರದಲ್ಲಿ ಹೋಲಿಸಲು ಬೇಕಾದ ಎರಡು ವಸ್ತುಗಳೂ ದೊರೆಯುವವು.

೨. ಶಾಸ್ತ್ರದಲ್ಲಿ ಆರಂಭಗೀತದ ಸ್ಥಾನ

ಧಾರಾವಾಹಿಯ ಆರಂಭಗೀತವು ನವೀನವಸ್ತುವೆಂದು ತೋರಿದರೂ ಅದರ ಕಾರ್ಯವು ನವೀನವಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗಕ್ಕೆ ಹತ್ತೊಂಬತ್ತು ಅಂಗಗಳನ್ನು ಹೇಳಿರುವನು. ಒಂಬತ್ತು ಯವನಿಕೆಯ ಒಳಗೆ ನಡೆಯತಕ್ಕವು, ಹತ್ತು ಹೊರಗೆ. ಧ್ರುವಾಧ್ಯಾಯದಲ್ಲಿ ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂದು ಐದು ಬಗೆಯ ಧ್ರುವೆಗಳನ್ನು ವಿಂಗಡಿಸಿರುವನು. ಪಾತ್ರವು ಬರುವಾಗ ಹಾಡುವದು ಮೊದಲನೆಯದು, ಹೋಗುವಾಗ ಹಾಡುವದು ಎರಡನೆಯದು. ನಡೆಯುತ್ತಿರುವ ಭಾವವನ್ನು ಮುರಿದು ಬೇರೊಂದನ್ನು ತರುವದು ಮೂರನೆಯದು. ಕದಡಿದ ಪ್ರೇಕ್ಷಕಚಿತ್ತವನ್ನು ತಿಳಿಗೊಳಿಸುವದು ನಾಲ್ಕನೆಯದು. ಪ್ರಯೋಗದಲ್ಲಿ ಬಿದ್ದ ತೆರಪನ್ನು ತುಂಬುವದು ಐದನೆಯದು. ಇಂದಿನ ಧಾರಾವಾಹಿಸಂಗೀತದಲ್ಲಿ ಈ ಐದರ ಕಾರ್ಯಗಳೂ ಕಾಣುವವು.

ಅದೇ ಐದನೆಯ ಅಧ್ಯಾಯದಲ್ಲಿ ಬರುವ ನಿರ್ಗೀತದ ಕಥೆಯು ಇಲ್ಲಿ ಸ್ಮರಣೀಯ. ನಾರದಾದಿಗಳು ಪದಗಳಿಲ್ಲದ ವಾದ್ಯಗೀತವನ್ನು ಪ್ರಯೋಗಿಸಲು ದೈತ್ಯರೂ ರಾಕ್ಷಸರೂ ಅದಕ್ಕೆ ಮರುಳಾದರಂತೆ. ದೇವತೆಗಳು ಅಸೂಯೆಗೊಂಡು ಅದನ್ನು ನಿಲ್ಲಿಸಬೇಕೆಂದರಂತೆ. ನಾರದನು ಅದನ್ನು ನಿಲ್ಲಿಸದೆ, ದೇವತೆಗಳ ಮಾನಕ್ಕಾಗಿ ‘ಬಹಿರ್ಗೀತ’ವೆಂಬ ಹೆಸರನ್ನು ಕೊಡಿಸಿ ಉಳಿಸಿದನಂತೆ. ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಪದಗಳುಳ್ಳ ಸ್ತುತಿಯು ಯಾರ ಸ್ತುತಿಯೋ ಅವರಿಗೆ ಪ್ರಿಯವಾಗುವದು. ಪದಗಳಿಲ್ಲದ ನಾದವು ಪಕ್ಷವನ್ನು ನೋಡದೆ ಎಲ್ಲರನ್ನೂ ಹಿಡಿಯುವದು. ಆರಂಭಗೀತಗಳ ಪರೀಕ್ಷೆಯಲ್ಲಿ ಈ ಭೇದವು ಮುಂದೆ ಉಪಯೋಗಕ್ಕೆ ಬರುವದು.

೩. ಯಕ್ಷಗಾನದ ಪದ್ಧತಿಯೂ ಧಾರಾವಾಹಿಯ ಪದ್ಧತಿಯೂ

ಕರಾವಳಿಯ ಆಟದಲ್ಲಿ ಕಥೆಗೆ ಮೊದಲು ಚೆಂಡೆ ಮದ್ದಳೆಗಳ ‘ಕೇಳಿ’ಯು ಊರಿಗೆ ಸುದ್ದಿಯನ್ನು ಸಾರುವದು; ಬಳಿಕ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ; ಆಮೇಲೆ ಕಥಾನಾಯಕರ ಒಡ್ಡೋಲಗ. ಒಡ್ಡೋಲಗವೆಂಬದು ಪ್ರಾವೇಶಿಕೀ ಧ್ರುವೆಯ ದೇಶ್ಯರೂಪವೆನ್ನಲು ಅಡ್ಡಿಯಿಲ್ಲ. ಯುದ್ಧವು ಒದಗಿದಾಗ ಭಾಗವತನು ಏರುಪದವನ್ನೆತ್ತುವನು. ಚೆಂಡೆಯು ಅದನ್ನು ಹೊತ್ತು ನಡೆಯುವದು. ಇಷ್ಟರಲ್ಲಿ ಧಾರಾವಾಹಿಯೂ ಆಟವೂ ಸಮಾನವಾದುವು.

ವೈಲಕ್ಷಣ್ಯವಿರುವದು ಬೇರೊಂದೆಡೆಯಲ್ಲಿ. ಭಾಗವತನು ರಂಗದ ಮೇಲೆ ಪ್ರತ್ಯಕ್ಷನಾಗಿರುವನು; ವೇಷಧಾರಿಯ ಕಾಲಿನ ಬಲವನ್ನು ನೋಡಿ ಪದವನ್ನು ಬೆಳೆಸುವನು, ದಣಿವನ್ನು ಕಂಡು ಮುಗಿಸುವನು. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಾಗಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿದ ಮೇಳಗಳಲ್ಲಾಗಲಿ, ಒಂದೇ ಪ್ರಸಂಗದ ಒಂದೇ ಪದವು ಎರಡು ರಾತ್ರಿಗಳಲ್ಲಿ ಒಂದೇ ತೆರನಾಗಿ ನಡೆಯತಕ್ಕದ್ದಲ್ಲ. ಧಾರಾವಾಹಿಯ ಗೀತವಾದರೋ ಒಮ್ಮೆ ಮುದ್ರಿತವಾದ ಬಳಿಕ ಅಕ್ಷರ, ಸ್ವರ, ಕಾಲಪ್ರಮಾಣಗಳಲ್ಲಿ ಅಣುಮಾತ್ರವೂ ಬದಲಾಗದೆ ವಾರವಾರವೂ ಮರಳಿ ಬರುವದು. ೯೪ ಕಂತುಗಳ ಧಾರಾವಾಹಿಯನ್ನು ಬಿಡದೆ ನೋಡಿದವನ ಕಿವಿಯಲ್ಲಿ ಒಂದೇ ಗೀತವು ೯೪ ಸಲ, ಒಂದೇ ವಾರದ ಒಂದೇ ಹೊತ್ತಿನಲ್ಲಿ, ಬಿದ್ದಿರುವದು. ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂದು ತಾರ್ಕಿಕರು ಲಕ್ಷಣವನ್ನು ಹೇಳುವರು. ಸಂಸ್ಕಾರವನ್ನು ದೃಢಗೊಳಿಸಲು ಅಭ್ಯಾಸಕ್ಕಿಂತ ಬಲವತ್ತರವಾದ ಸಾಧನವಿಲ್ಲ. ಆದುದರಿಂದ ಈ ಗೀತಗಳು ನೆನಪಿನಲ್ಲಿ ಉಳಿದುದಕ್ಕೆ ಗುಣವೊಂದೇ ಕಾರಣವೆನ್ನುವದು ಅವಿಚಾರಿತವಾದ ಮಾತು. ವಾದ್ಯಗಾರನು ಯಂತ್ರದೊಳಗೆ ಅಡಗಿದುದರಿಂದಲೇ ಗೀತವು ಸ್ಥಿರವಾಯಿತು. ಸ್ಥಿರವಾದುದರಿಂದಲೇ ಸ್ಮೃತಿಯಲ್ಲಿ ನೆಟ್ಟಿತು.

೪. ಅನ್ವಯವ್ಯತಿರೇಕಗಳು

ಇನ್ನು ಹಂಬಲಕ್ಕೆ ಕಾರಣವು ಗೀತದ ವೀರಗುಣವೇ ಎಂಬ ಪಕ್ಷವನ್ನು ಅನ್ವಯವ್ಯತಿರೇಕಗಳಿಂದ ನೋಡತಕ್ಕದ್ದು.

ಮಹಾಭಾರತದ ಆರಂಭಗೀತದಲ್ಲಿ ವೀರಸಾಮಗ್ರಿಯು ಪುಷ್ಕಲವಾಗಿದೆ. ಕಂಠವು ಉನ್ನತಸ್ಥಾಯಿಯದು, ಪದವು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಅವತಾರಪ್ರತಿಜ್ಞೆಯನ್ನು ಒಳಗೊಂಡುದು. ಕಥೆಯನ್ನು ನಿರೂಪಿಸುವವನಾಗಿ ಕಾಲನನ್ನೇ ಸೂತ್ರಧಾರನ ಸ್ಥಾನದಲ್ಲಿ ನಿಲ್ಲಿಸಿದುದು ರಾಹಿ ಮಾಸೂಮ್ ರಜಾರ ಸಂವಿಧಾನದ ಉಚಿತವಾದ ಕಲ್ಪನೆ. ಹರೀಶ ಭಿಮಾನಿಯವರ ಗಂಭೀರಧ್ವನಿಯು ಅದನ್ನು ಸಾರ್ಥಕಗೊಳಿಸಿತು. ನಾಂದಿಯ ಕಾರ್ಯವನ್ನು ಈ ಗೀತವು ಸಮರ್ಪಕವಾಗಿ ನೆರವೇರಿಸುವದೆಂಬದನ್ನು ಒಪ್ಪಲೇಬೇಕು. ಆದರೆ ಅದರ ಪ್ರಭಾವದ ಬಹುಭಾಗವು ಪದಾರ್ಥಕ್ಕೂ ಶ್ಲೋಕದ ಪೂರ್ವಪರಿಚಯಕ್ಕೂ ಸೇರಿದುದು. ಪದಗಳನ್ನು ಕಳೆದು ನೋಡಿದರೆ ಉಳಿಯುವ ವಾದ್ಯಘೋಷವು ಮತ್ತಾವ ವೀರಕಥೆಗಾದರೂ ಸಲ್ಲತಕ್ಕದ್ದೇ. ಧ್ವನಿಕಾರನ ಮಾತಿನಲ್ಲಿ ಹೇಳುವದಾದರೆ ಇಲ್ಲಿ ವಾಚ್ಯವು ಪ್ರಧಾನ, ನಾದದ ವ್ಯಂಜನೆಯು ಗೌಣ.

ಟಿಪೂಸುಲ್ತಾನನ ಧಾರಾವಾಹಿಯ ವೃತ್ತಾಂತವು ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ಯುವದು. ೧೯೮೯ರ ಫೆಬ್ರುವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಅದರ ಚಿತ್ರೀಕರಣವು ನಡೆಯುತ್ತಿದ್ದಾಗ ಬೆಂಕಿಬಿದ್ದು ೬೦ಕ್ಕೂ ಹೆಚ್ಚು ಮಂದಿ ಮಡಿದರು. ಮರುವರ್ಷ ಅದೇ ಕಥೆಯು ನೌಶಾದರ ಸಂಗೀತದೊಡನೆ ಮನೆಮನೆಯಲ್ಲಿ ಕಾಣಿಸಿಕೊಂಡಿತು. ದೂರದ ಊರಿನ ಬಾಲಕನಿಗೆ ಖಡ್ಗದ ಮಿಂಚನ್ನು ನೆನಪಿಸುವ ಸ್ವರವೇ ಆ ಬೆಂಕಿಯಲ್ಲಿ ಬಂಧುವನ್ನು ಕಳೆದುಕೊಂಡವನಿಗೆ ಶೋಕವನ್ನಲ್ಲದೆ ಮತ್ತೇನನ್ನು ನೆನಪಿಸೀತು? ಸ್ವರವೊಂದೇ, ಒಬ್ಬನಲ್ಲಿ ಉತ್ಸಾಹದ ನೆನಪು, ಇನ್ನೊಬ್ಬನಲ್ಲಿ ಶೋಕದ ನೆನಪು. ಹೀಗಿರಲು ನೆನಪಿನ ಬಣ್ಣವು ಸ್ವರದಿಂದ ನಿಯತವಲ್ಲವೆಂದಾಯಿತು.

ವ್ಯತಿರೇಕಕ್ಕೆ ಮಾಲ್ಗುಡಿ ಡೇಸ್ ಉತ್ತಮವಾದ ಉದಾಹರಣೆ. ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿ ಶಂಕರನಾಗರು ಆಗುಂಬೆಯಲ್ಲಿ ಚಿತ್ರೀಕರಿಸಿದ ಈ ಧಾರಾವಾಹಿಯು ೧೯೮೬ರಲ್ಲಿ ಬಂದಿತು, ಸಂಗೀತವು ಎಲ್. ವೈದ್ಯನಾಥನ್ ಅವರದು. ಅದರಲ್ಲಿ ಯುದ್ಧವಿಲ್ಲ, ಖಡ್ಗವಿಲ್ಲ, ಪ್ರತಿಜ್ಞೆಯಿಲ್ಲ. ಆರಂಭಗೀತದಲ್ಲಿ ಅರ್ಥವುಳ್ಳ ಒಂದು ಪದವೂ ಇಲ್ಲ. ನಿರರ್ಥಕಾಕ್ಷರಗಳಿಂದ ಹಾಡಿದ ಒಂದು ಸಣ್ಣ ಧಾಟಿ, ಅದರ ಜೊತೆಗೆ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಇಷ್ಟೇ. ಪೂರ್ವರಂಗದ ಬಹಿರಂಗಗಳಲ್ಲಿ ಶುಷ್ಕಾಕ್ಷರಗಳಿಂದ ರಚಿತವಾದ ‘ಶುಷ್ಕಾವಕೃಷ್ಟಾ’ ಎಂಬ ಧ್ರುವೆಯನ್ನು ಭರತನು ಹೇಳಿರುವನಷ್ಟೆ. ಅದರ ಸಜಾತೀಯವೆಂದು ಇದನ್ನು ಎಣಿಸಬಹುದು. ವೀರವು ಲೇಶವೂ ಇಲ್ಲದ ಈ ಗೀತದ ವಿಷಯದಲ್ಲಿ ಜನರ ಹಂಬಲವು ವೀರಗೀತಗಳ ಹಂಬಲಕ್ಕಿಂತ ಕಡಮೆಯಾಗಿಲ್ಲ. ಕಾರಣವೆಂದು ಊಹಿಸಿದುದು ಇಲ್ಲದಿರುವಲ್ಲಿಯೂ ಕಾರ್ಯವು ಕಾಣುವದಾದರೆ ಆ ಕಾರಣವು ಕಾರಣವೇ ಅಲ್ಲ.

೫. ಉದ್ದೀಪನವೋ ಆಲಂಬನವೋ

ಹಾಗಾದರೆ ಈ ಹಂಬಲದ ಸ್ವರೂಪವೇನು? ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸ್ಮೃತಿಯೂ ಔತ್ಸುಕ್ಯವೂ ಸೇರಿವೆ. ಕಳೆದುದರ ಸ್ಮೃತಿ, ಅದನ್ನು ಮತ್ತೆ ಪಡೆಯಬೇಕೆಂಬ ಔತ್ಸುಕ್ಯ, ಇವೆರಡರ ಬೆರಕೆಯೇ ಈ ಹಂಬಲ. ವ್ಯಭಿಚಾರಿಗಳಿಗೆ ಸ್ವತಂತ್ರವಾಗಿ ರಸತ್ವವಿಲ್ಲ. ಯಾವದಾದರೊಂದು ಸ್ಥಾಯಿಯನ್ನು ಆಶ್ರಯಿಸಿಯೇ ಅವು ನಿಲ್ಲತಕ್ಕವು. ವೀರದ ಸ್ಥಾಯಿಯಾದ ಉತ್ಸಾಹವು ಇಲ್ಲಿ ಆಶ್ರಯವಾಗಲಾರದು; ಏಕೆಂದರೆ ಉತ್ಸಾಹವು ಮುಂದೆ ಮಾಡತಕ್ಕ ಕಾರ್ಯದ ಕಡೆಗೆ ಮುಖಮಾಡಿದುದು, ಸ್ಮೃತಿಯು ಹಿಂದಕ್ಕೆ ತಿರುಗಿದುದು. ನೆನಪಿನಲ್ಲಿ ಕೇಳುವ ರಣಭೇರಿಯು ಯಾರನ್ನೂ ರಣಕ್ಕೆ ಕಳುಹಿಸುವದಿಲ್ಲ.

ಆಶ್ರಯವಾಗುವದು ರತಿ, ಕಾಂತಾವಿಷಯಕವಲ್ಲ, ಬಂಧುವಿಷಯಕ. ಆಗ ಬಹಳ ಮನೆಗಳಲ್ಲಿ ಟೆಲಿವಿಷನ್ ಇರಲಿಲ್ಲ. ಇದ್ದ ಮನೆಯ ಜಗುಲಿಯಲ್ಲಿ ಆದಿತ್ಯವಾರ ಬೆಳಿಗ್ಗೆ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಗೀತವು ಆರಂಭವಾಯಿತೆಂದರೆ ಅಡಿಗೆಮನೆಯ ಕೆಲಸವನ್ನು ಬಿಟ್ಟು ಹೆಂಗಸರು ಬರುವರು. ಮಕ್ಕಳು ಅಂಗಳದಿಂದ ಓಡಿಬರುವರು. ಅಜ್ಜನು ಕಂಬಕ್ಕೊರಗಿ ಕೂಡುವನು. ಯಕ್ಷಗಾನದ ‘ಕೇಳಿ’ಯು ಊರನ್ನು ಕರೆದಂತೆ ಈ ಗೀತವು ಕೇರಿಯನ್ನು ಕರೆಯಿತು. ಆ ಸಭೆಯು ಚದರಿದೆ, ಆ ಅಜ್ಜನಿಲ್ಲ, ಮಕ್ಕಳು ಮುಂಬಯಿ ಬೆಂಗಳೂರುಗಳಲ್ಲಿರುವರು. ಕರೆಯು ಮಾತ್ರ ಮುದ್ರಿತವಾಗಿ ಉಳಿದಿದೆ. ಇಂತು ಹಂಬಲಕ್ಕೆ ಆಲಂಬನವು ಆ ಸಭೆಯೇ ಹೊರತು ಗೀತವಲ್ಲ. ಗೀತವು ಉದ್ದೀಪನ ಮಾತ್ರ. ಚಂದ್ರೋದಯವು ವಿರಹವನ್ನು ಹೆಚ್ಚಿಸುವದೆಂದು ಚಂದ್ರನನ್ನೇ ಕಾಂತೆಯೆಂದು ತಿಳಿಯುವವನುಂಟೆ? ‘ಅಂಥ ಸಂಗೀತವು ಈಗಿಲ್ಲ’ ಎಂಬವನು ಮಾಡುವ ತಪ್ಪು ಇದೇ ಜಾತಿಯದು.

ಇದನ್ನು ಅನುಮಾನರೂಪದಲ್ಲಿಟ್ಟು ನೋಡಿದರೂ ದೋಷವು ಕಾಣುವದು. ‘ಈ ಗೀತವು ಉತ್ತಮ, ಕೇಳಿದೊಡನೆ ಹೃದಯವನ್ನು ಕಲಕುವದರಿಂದ’ ಎಂಬ ಹೇತುವು ಸವ್ಯಭಿಚಾರ. ಅದೇ ಕಾಲದ ಸಾಬೂನುಪುಡಿಯ ಜಾಹೀರಾತಿನ ಹಾಡೂ ಹೃದಯವನ್ನು ಕಲಕುವದು. ಅದನ್ನು ಉತ್ತಮಸಂಗೀತವೆಂದು ಯಾರೂ ಸಾಧಿಸಲು ಹೊರಡುವದಿಲ್ಲ.

೬. ಆಕ್ಷೇಪವೂ ಸಮಾಧಾನವೂ

ಇಲ್ಲಿ ಆಕ್ಷೇಪವೊಂದು ಏಳುವದು. ಸ್ಮರಣೆಯಿಂದ ಬಂದ ಆನಂದವೆಲ್ಲ ಗುಣಕ್ಕೆ ಹೊರತಾದುದೆಂದರೆ, ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಗಾನವನ್ನು ಕೇಳಿ ದುಷ್ಯಂತನು ಕಾರಣವರಿಯದೆ ವ್ಯಾಕುಲನಾದುದನ್ನು ಏನೆನ್ನಬೇಕು? ಅಭಿನವಗುಪ್ತಾಚಾರ್ಯನು ರಸಸೂತ್ರದ ವಿವೃತಿಯಲ್ಲಿ ಆ ಪ್ರಸಂಗವನ್ನೇ ಉದಾಹರಿಸಿರುವನಲ್ಲವೆ?

ಉದಾಹರಿಸಿರುವದು ನಿಜ, ಆದರೆ ಅಲ್ಲಿಯ ಸ್ಮರಣೆಯು ತಾರ್ಕಿಕರು ಹೇಳುವ ಸ್ಮೃತಿಯಲ್ಲವೆಂದು ಆಚಾರ್ಯನೇ ಬಿಡಿಸಿ ಹೇಳಿರುವನು. ದುಷ್ಯಂತನಿಗೆ ಏನನ್ನು ನೆನೆಯುತ್ತಿರುವೆನೆಂಬದು ತಿಳಿಯದು. ವಸ್ತುವಿಲ್ಲದ ಆ ಹಂಬಲವು ಪ್ರತಿಭಾನರೂಪವಾದ ಸಾಕ್ಷಾತ್ಕಾರ. ಧಾರಾವಾಹಿಯ ಗೀತವನ್ನು ಹಂಬಲಿಸುವವನಿಗಾದರೋ ವರ್ಷ, ವಾರ, ಮನೆ, ಪಕ್ಕದಲ್ಲಿ ಕುಳಿತವನ ಹೆಸರು, ಎಲ್ಲವೂ ನಿಶ್ಚಿತವಾಗಿ ಗೊತ್ತು. ಮೊದಲನೆಯದರಲ್ಲಿ ಸಾಧಾರಣೀಕರಣವಿದೆ; ಎರಡನೆಯದು ಒಬ್ಬನ ಸ್ವಂತ ಆಸ್ತಿ. ಯಾವ ಗೀತವು ಕೇಳುವವನನ್ನು ಎರಡನೆಯದರಿಂದ ಮೊದಲನೆಯದಕ್ಕೆ ಒಯ್ಯಬಲ್ಲದೋ ಅದರಲ್ಲಿ ಮಾತ್ರ ಗುಣವು ಸಿದ್ಧವಾಗುವದು.

ಈ ನಿಕಷದಲ್ಲಿ ಮಾಲ್ಗುಡಿಯ ಧಾಟಿಯು ವೀರಗೀತಗಳನ್ನು ಮೀರಿಸುವದು. ಮಾಲ್ಗುಡಿಯೆಂಬ ಊರು ಕಲ್ಪಿತವಾದುದು. ಅಲ್ಲಿ ಹುಟ್ಟಿದವನಿಲ್ಲ, ಬಾಳಿದವನಿಲ್ಲ. ಆದರೂ ಆ ಧಾಟಿಯು ಕಿವಿಗೆ ಬಿದ್ದೊಡನೆ, ಎಂದೂ ಇಲ್ಲದಿದ್ದ ಆ ಊರನ್ನು ಬಿಟ್ಟುಬಂದವನಂತೆ ಕೇಳುಗನು ಮಿಡುಕುವನು. ತಿಳಿದ ವಸ್ತುವಿಲ್ಲದೆ ಹುಟ್ಟುವ ಈ ಹಂಬಲವು ದುಷ್ಯಂತನ ಅವಸ್ಥೆಗೆ ಸಮೀಪವರ್ತಿಯಾದುದು. ಊರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತು ಬೇರೆಡೆಗೆ ಹೋದವರ ಪರಂಪರೆಯು ಕಾಯ್ಕಿಣಿಯಂಥ ಊರುಗಳದು. ಆಗ್ರಾ ಘರಾಣೆಯ ಗಾಯಕರಾದ ದಿನಕರ ಕಾಯ್ಕಿಣಿಯವರು ಮುಂಬಯಿಯಲ್ಲಿದ್ದೂ ಆ ಹೆಸರಿನಿಂದಲೇ ಪ್ರಸಿದ್ಧರಾದರು. ಇಂಥ ನೆಲದವರಿಗೆ ನಿಜವಾದ ಊರಿನ ಹಂಬಲವೂ ಕಲ್ಪಿತವಾದ ಊರಿನ ಹಂಬಲವೂ ಬೇರೆಬೇರೆಯೆಂಬದನ್ನು ತಿಳಿಯುವದು ಕಷ್ಟವಲ್ಲ.

ಪರದೇಶದ ವೀರಧಾರಾವಾಹಿಗಳಲ್ಲಿಯೂ ಇದೇ ನಿಕಷವು ಸಲ್ಲುವದು. ೧೯೬೬ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ‘ಮಿಷನ್ ಇಂಪಾಸಿಬಲ್’ ಎಂಬುದಕ್ಕೆ ಲಾಲೋ ಶಿಫ್ರಿನರು ರಚಿಸಿದ ಆರಂಭಗೀತವು ಐದೆಣಿಕೆಯ ನಡೆಯದು. ಖಂಡಗತಿಯನ್ನು ಬಲ್ಲವರಿಗೆ ಅದರ ಕುಂಟುತ್ತ ಧಾವಿಸುವ ಚಲನೆಯ ಬಲವು ಕೂಡಲೇ ತಿಳಿಯುವದು. ೧೯೯೬ರಿಂದ ಬಂದ ಚಲನಚಿತ್ರಗಳಲ್ಲಿ ನಟರು ಬದಲಾದರು, ಕಥೆ ಬದಲಾಯಿತು, ಧಾಟಿಯು ಉಳಿಯಿತು. ಮೂಲಸಭೆಯು ಚದರಿದ ಮೇಲೆಯೂ ಹೊಸ ಸಭೆಯನ್ನು ಕೂಡಿಸಬಲ್ಲ ಗೀತಕ್ಕೆ ಸ್ಮರಣೆಯ ಸಾಲವು ಬೇಕಾಗಿಲ್ಲ. ಮಹಾಭಾರತದ ಗೀತಕ್ಕೆ ಆ ಸಾಲವು ಬೇಕೆಂದಲ್ಲ. ಆದರೆ ಅದರ ಮೂಲಧನವು ರಾಜಕಮಲರ ಸ್ವರಕ್ಕಿಂತ ಹೆಚ್ಚಾಗಿ ವ್ಯಾಸರ ವಾಕ್ಕಿನಲ್ಲಿದೆ.

೭. ಫಲ

ಈ ವಿಚಾರವು ಬರಿಯ ವಾದವಿನೋದವಲ್ಲ. ಶಂಭು ಹೆಗಡೆಯವರು ೨೦೦೯ರಲ್ಲಿಯೂ ಚಿಟ್ಟಾಣಿಯವರು ೨೦೧೭ರಲ್ಲಿಯೂ ತೀರಿಕೊಂಡ ಬಳಿಕ ಕರಾವಳಿಯ ರಂಗಸ್ಥಳದ ಸುತ್ತಲೂ ಅದೇ ವಾಕ್ಯವು ಕೇಳಬರುತ್ತಿದೆ: ‘ಅಂಥ ಆಟವು ಈಗಿಲ್ಲ.’ ಅದು ಗುಣವಿಚಾರದಿಂದ ಹೊರಟ ಮಾತಾದರೆ ಇಂದಿನ ಭಾಗವತನು ತಲೆಬಾಗಿ ಕೇಳಬೇಕು. ಕೇಳುಗನ ಪ್ರಾಯವು ಕಳೆದುದರಿಂದ ಹೊರಟ ಮಾತಾದರೆ, ಇಪ್ಪತ್ತು ವರುಷದ ತರುಣನು ಎಷ್ಟು ಸಾಧನೆಮಾಡಿದರೂ ಅದನ್ನು ಗೆಲ್ಲಲಾರನು. ಸತ್ತ ಕಾಲದೊಡನೆ ಸ್ಪರ್ಧಿಸಿ ಗೆದ್ದವರಿಲ್ಲ. ಟೆಲಿವಿಷನ್ನಿನ ಗೀತವು ಮುದ್ರಿತವಾಗಿ ಉಳಿದಿರುವದರಿಂದ ತಪ್ಪು ತೀರ್ಪನ್ನು ಮುಂದೆ ತಿದ್ದಬಹುದು. ಆಟವು ಪ್ರತಿ ರಾತ್ರಿಯೂ ಹೊಸತಾಗಿ ಹುಟ್ಟತಕ್ಕದ್ದು. ಅಲ್ಲಿ ತಪ್ಪು ತೀರ್ಪು ಕಲಿಯುವವನ ಎದೆಯನ್ನೇ ಮುರಿಯುವದು.

ಸ್ಮರಣೆಯನ್ನು ವಿಚಾರಮಂಟಪದಿಂದ ಹೊರಗಟ್ಟಬೇಕೆಂದು ಇದರ ಅರ್ಥವಲ್ಲ. ಅದು ಸಾಕ್ಷಿಯ ಸ್ಥಾನದಲ್ಲಿ ನಿಲ್ಲಲಿ, ನ್ಯಾಯಾಧಿಪತಿಯ ಪೀಠವನ್ನೇರದಿರಲಿ. ಯಾವ ಗೀತವು ಯಾವ ಹೊತ್ತಿನಲ್ಲಿ ಯಾರನ್ನು ಕೂಡಿಸಿತು, ಆ ಸಭೆಯಲ್ಲಿ ಯಾರು ಎಲ್ಲಿ ಕುಳಿತರು, ಯಾವ ಸ್ವರಕ್ಕೆ ಮಕ್ಕಳು ಕುಣಿದರು ಎಂಬದನ್ನು ನೆನಪಲ್ಲದೆ ಮತ್ತಾರೂ ಹೇಳಲಾರರು. ಆ ಧಾರಾವಾಹಿಗಳ ಸಂಗೀತನಿರ್ದೇಶಕರ ಹೆಸರುಗಳು ಉಳಿದಿವೆ. ಶಂಖವನ್ನೂದಿದವನ, ಕೊಳಲನ್ನು ನುಡಿಸಿದವನ, ನಿರರ್ಥಕಾಕ್ಷರಗಳನ್ನು ಹಾಡಿದವನ ಹೆಸರುಗಳನ್ನು ಬರೆದಿಟ್ಟವರು ವಿರಳ. ಯಕ್ಷಗಾನದಲ್ಲಿ ಚೆಂಡೆಯವನು ಕಣ್ಣೆದುರಿಗಿರುವನು. ಯಂತ್ರಸಂಗೀತದಲ್ಲಿ ಅವನು ಮೊದಲೇ ಮರೆಯಾದವನು. ಹಂಬಲಿಸುವವರು ಆ ಹೆಸರುಗಳನ್ನು ಹುಡುಕಿ ದಾಖಲಿಸುವದರಲ್ಲಿ ತಮ್ಮ ಔತ್ಸುಕ್ಯವನ್ನು ವ್ಯಯಮಾಡಿದರೆ ಸ್ಮೃತಿಯು ಇತಿಹಾಸಕ್ಕೆ ಉಪಕಾರಕವಾಗುವದು.

ಸಾಹಿತ್ಯಾಧ್ಯಾಪಕರಿಗೂ ಇದರಿಂದ ಒಂದು ಸುಲಭವಾದ ಪಾಠಕ್ರಮವು ದೊರೆಯುವದು. ಉದ್ದೀಪನ ಆಲಂಬನಗಳ ಭೇದವನ್ನು ಮಲಯಮಾರುತ ಚಂದ್ರಿಕೆಗಳಿಂದ ಮಾತ್ರ ವಿವರಿಸದೆ, ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದೇ ಆರಂಭಗೀತವನ್ನು ಕೇಳಿಸಲಿ. ತಂದೆಯ ಕಣ್ಣು ತೇವವಾಗಿ ಮಗನ ಮುಖವು ನಿರ್ವಿಕಾರವಾಗಿದ್ದರೆ ಅಲ್ಲಿರುವದು ಸ್ಮೃತಿ. ಇಬ್ಬರೂ ಒಟ್ಟಿಗೆ ಮೌನವಾದರೆ ಅಲ್ಲಿರುವದು ಸಂಗೀತ. ಇತ್ಯಲಮ್.